ಪೆಟ್ಟಿಗೆಯೊಳಗೆ ಅಡಗಿದ ಆಂಟೆನಾ

ಮನೆಯ ಮಾಡಿನ ಮೇಲೆ ಏಣಿಯಂತೆ ನಿಂತಿದ್ದ ದೂರದರ್ಶನದ ಆಂಟೆನಾವನ್ನು ನಮ್ಮ ಹಿರಿಯರು ಮರೆತಿರಲಾರರು. ಗಾಳಿಗೆ ಅದು ತಿರುಗಿದರೆ ಚಿತ್ರ ಕೆಡುತ್ತಿತ್ತು. ಒಬ್ಬರು ಮಾಡನ್ನೇರಿ ಅದನ್ನು ಸರಿಪಡಿಸುವುದು, ಇನ್ನೊಬ್ಬರು ಕೆಳಗಿನಿಂದ ಕೂಗಿ ಹೇಳುವುದು ವಾಡಿಕೆಯಾಗಿತ್ತು. ಇಂದಿನ ದೂರದರ್ಶನ ಯಂತ್ರದಲ್ಲಾಗಲಿ, ನಿಸ್ತಂತು ಧ್ವನಿವರ್ಧಕದಲ್ಲಾಗಲಿ ಹೊರಕ್ಕೆ ಚಾಚಿದ ಕಂಬಿ ಅನೇಕ ವೇಳೆ ಕಾಣಿಸದು. ಹಾಗಾದರೆ ಆಂಟೆನಾ ಇಲ್ಲವಾಯಿತೆ? ಇಲ್ಲ, ಅದು ಪೆಟ್ಟಿಗೆಯೊಳಗೆ ಅಡಗಿ ಕುಳಿತಿದೆ. ಅಲ್ಲಿ ಅದಕ್ಕೆ ಒದಗುವ ಕಷ್ಟಗಳೇನು, ಅವುಗಳನ್ನು ಗಣಕಯಂತ್ರ ಮುಂದಾಗಿಯೇ ಕಂಡುಕೊಳ್ಳುವ ಬಗೆ ಹೇಗೆ ಎಂಬುದನ್ನು ಈಗ ನೋಡೋಣ.

ರೇಡಿಯೋ ಅಲೆಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುವುವಷ್ಟೆ. ವೈ-ಫೈಯ ಕೆಳಗಿನ ಪಟ್ಟೆಯಾದ 2,400 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ 12.5 ಸೆಂಟಿಮೀಟರ್, 5,800 ಮೆಗಾಹರ್ಟ್ಸ್‌ನಲ್ಲಿ ಸುಮಾರು 5.2 ಸೆಂಟಿಮೀಟರ್. ಅಲೆಯುದ್ದದ ಕಾಲುಭಾಗದಷ್ಟು ಉದ್ದದ ತೆಳುಕಂಬಿ ಆ ಅಲೆಗೆ ಚೆನ್ನಾಗಿ ಓಗೊಡುತ್ತದೆ. ಆದರೆ ವೀಣೆಯ ತಂತಿಯಂತೆ ಅದಕ್ಕೆ ತನ್ನ ಒಂದು ಸ್ವರವೇ ಪ್ರಿಯ. ಎರಡು ಪಟ್ಟೆಗಳನ್ನೂ ಒಂದೇ ಆಂಟೆನಾ ಹಿಡಿಯಬೇಕಾದರೆ ಅದನ್ನು ಬೀಸಣಿಗೆಯಂತೆ ಅಗಲಿಸಬೇಕು. ಆಗ ವಿದ್ಯುತ್ತು ಹರಿಯಲು ನಾನಾ ಉದ್ದದ ಹಾದಿಗಳು ದೊರೆತು, ನಾನಾ ಆವೃತ್ತಿಗಳಿಗೆ ಆಂಟೆನಾ ಸ್ಪಂದಿಸುತ್ತದೆ. ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಮಿಲಿಮೀಟರ್ ಅಲೆಗಳ ಪ್ರಯೋಗಗಳಿಗೆ ಬಳಸಿದ ಲೋಹದ ಕಹಳೆಯೂ ಇಂಥ ವಿಶಾಲಪಟ್ಟೆಯ ಆಂಟೆನಾವೇ ಆಗಿತ್ತು.

ಪೆಟ್ಟಿಗೆಯಲ್ಲಾದರೋ ಅಗಲಿಸಲು ಎಡೆಯಿಲ್ಲ. ಅಲೆಯುದ್ದಕ್ಕೆ ಹೋಲಿಸಿದರೆ ಆಂಟೆನಾ ಚಿಕ್ಕದಾದಷ್ಟೂ ಅದರ ಪಟ್ಟೆ ಕಿರಿದಾಗಲೇಬೇಕು, ಇಲ್ಲವೇ ಶಕ್ತಿ ಶಾಖವಾಗಿ ವ್ಯಯವಾಗಬೇಕು ಎಂಬ ಮಿತಿಯನ್ನು ಎಲ್. ಜೆ. ಚೂ 1948ರಲ್ಲಿ ಗಣಿತದಿಂದ ತೋರಿಸಿದರು. ಸಾಲದುದಕ್ಕೆ ನೆರೆಹೊರೆಯ ಕಾಟ ಬೇರೆ. ಪರದೆಯ ಹಿಂದಿನ ಲೋಹದ ತಗಡು ಆಂಟೆನಾಕ್ಕೆ ತೀರ ಹತ್ತಿರವಿದ್ದರೆ, ಕನ್ನಡಿಯಲ್ಲಿನ ಬಿಂಬದಂತೆ ತಗಡಿನಲ್ಲಿ ವಿರುದ್ಧ ದಿಕ್ಕಿನ ಪ್ರವಾಹವೊಂದು ಹುಟ್ಟುತ್ತದೆ; ಎರಡರ ಅಲೆಗಳೂ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಪ್ಲಾಸ್ಟಿಕ್ಕಿನ ಹೊದಿಕೆಯು ಆಂಟೆನಾದ ಶ್ರುತಿಯನ್ನು ಕೆಳಕ್ಕಿಳಿಸುತ್ತದೆ. ಪೆಟ್ಟಿಗೆಯ ಅಚ್ಚು ಎರಕವಾದ ಬಳಿಕ ಈ ದೋಷ ತಿಳಿದುಬಂದರೆ ಅಚ್ಚನ್ನೇ ಬದಲಿಸಬೇಕಾದೀತು. ಆದುದರಿಂದ ಪೆಟ್ಟಿಗೆ ಹುಟ್ಟುವ ಮೊದಲೇ ಅದನ್ನು ಗಣಕಯಂತ್ರದೊಳಗೆ ಕಟ್ಟಿ ಪರೀಕ್ಷಿಸುವುದು ಅಗತ್ಯ.

ಇದಕ್ಕೆ ಆಧಾರ ಹತ್ತೊಂಬತ್ತನೆಯ ಶತಮಾನದ ಮ್ಯಾಕ್ಸ್‌ವೆಲ್ಲನ ಸಮೀಕರಣಗಳು. ಅವುಗಳನ್ನು ಹಂತಹಂತವಾಗಿ ಬಿಡಿಸುವ ಸರಳವಾದ ವಿಧಾನವೊಂದನ್ನು ಕೇನ್ ಯೀ 1966ರಲ್ಲಿ ಪ್ರಕಟಿಸಿದರು. ರಂಗೋಲಿಗೆ ಚುಕ್ಕಿಯಿಡುವಂತೆ ಪೆಟ್ಟಿಗೆಯ ಒಳಹೊರಗನ್ನೆಲ್ಲ ಪುಟ್ಟ ಕೋಶಗಳಾಗಿ ವಿಭಾಗಿಸಬೇಕು. ಇಲ್ಲಿ ವಿದ್ಯುತ್ ಕ್ಷೇತ್ರದ ಚುಕ್ಕಿಗಳ ನಡುವೆ ಕಾಂತಕ್ಷೇತ್ರದ ಚುಕ್ಕಿಗಳು. ಒಂದರಿಂದ ಇನ್ನೊಂದನ್ನು, ಅದರಿಂದ ಮತ್ತೆ ಮೊದಲಿನದನ್ನು ಲೆಕ್ಕಹಾಕುತ್ತ ಹೋದರೆ, ಕೆರೆಯ ತೆರೆಯಂತೆ ಅಲೆಯು ಕೋಶದಿಂದ ಕೋಶಕ್ಕೆ ಹಬ್ಬುತ್ತದೆ.

ಲೆಕ್ಕದ ಗಾತ್ರವೆಷ್ಟು? 20 ಸೆಂ. ಮೀ. ಉದ್ದ, 20 ಸೆಂ. ಮೀ. ಅಗಲ, 5 ಸೆಂ. ಮೀ. ದಪ್ಪದ ಅವಕಾಶವನ್ನು ಒಂದೊಂದು ಮಿಲಿಮೀಟರ್ ಕೋಶಗಳಾಗಿ ಹೋಳುಮಾಡಿದರೆ 20 ಲಕ್ಷ ಕೋಶಗಳಾಗುತ್ತವೆ. ಕೋಶವೊಂದಕ್ಕೆ ಆರು ಸಂಖ್ಯೆಗಳಂತೆ 1 ಕೋಟಿ 20 ಲಕ್ಷ ಸಂಖ್ಯೆಗಳನ್ನು ಪ್ರತಿ ಹೆಜ್ಜೆಗೂ ಹೊಸದಾಗಿ ಎಣಿಸಬೇಕು. ಹೆಜ್ಜೆಯಾದರೋ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಎರಡು ಪಾಲಿಗಿಂತಲೂ ಕಿರಿದು! ಕೋಶದ ಅಳತೆಯನ್ನು ಅರ್ಧಕ್ಕಿಳಿಸಿದರೆ ಕೋಶಗಳು ಎಂಟುಮಡಿ, ಹೆಜ್ಜೆಗಳು ಇಮ್ಮಡಿ. ಒಟ್ಟು ಶ್ರಮ ಹದಿನಾರು ಮಡಿ.

ಇಲ್ಲೊಂದು ಜಾಣತನವುಂಟು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಾವು ಬೆರಳಿನಿಂದ ಬಡಿದು ನೋಡುತ್ತೇವಲ್ಲವೆ? ಒಂದೇ ಪೆಟ್ಟಿಗೆ ಗಡಿಗೆಯ ಎಲ್ಲ ಸ್ವರಗಳೂ ಹೊಮ್ಮುತ್ತವೆ. ಹಾಗೆಯೇ ಆಂಟೆನಾಕ್ಕೆ ಒಂದು ಕ್ಷಣಿಕ ಸ್ಪಂದವನ್ನು ಕೊಟ್ಟು, ಅದರ ಉತ್ತರವನ್ನು ಫೂರಿಯೇಯ ಗಣಿತದಿಂದ ಬಿಡಿಸಿದರೆ, ವಿಶಾಲ ಪಟ್ಟೆಯ ವೃತ್ತಾಂತವೆಲ್ಲ ಒಮ್ಮೆಗೇ ದೊರೆಯುತ್ತದೆ. ಒಳಹೊಕ್ಕ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹಿಂತಿರುಗದಿದ್ದರೆ ಆಂಟೆನಾ ಆ ಆವೃತ್ತಿಗೆ ಹೊಂದಿಕೊಂಡಿತೆಂದು ಸಾಮಾನ್ಯವಾಗಿ ಎಣಿಸುವರು.

ಆದರೂ ಗಣಕಯಂತ್ರದ ಮಾತೇ ಕಡೆಯ ಮಾತಲ್ಲ. ನಾವು ತಿಳಿಸಿದ ಪೆಟ್ಟಿಗೆಯನ್ನಷ್ಟೇ ಅದು ಬಲ್ಲುದು. ಪ್ಲಾಸ್ಟಿಕ್ಕಿನ ಗುಣವನ್ನು ತಪ್ಪಾಗಿ ಕೊಟ್ಟರೆ, ಒಂದು ತಂತಿಯನ್ನು ಮರೆತರೆ, ತಪ್ಪು ಉತ್ತರವನ್ನೇ ಅಷ್ಟೇ ನಿಷ್ಠೆಯಿಂದ ಲೆಕ್ಕಹಾಕಿ ಕೊಡುತ್ತದೆ. ಅದಕ್ಕಾಗಿಯೇ ಕೊನೆಗೆ ಅಲೆಗಳನ್ನು ಹೀರುವ ಗೋಡೆಗಳ ಕೋಣೆಯಲ್ಲಿ ನಿಜವಾದ ಪೆಟ್ಟಿಗೆಯನ್ನಿಟ್ಟು ಅಳೆಯುವರು. ಅಳತೆಗೂ ಲೆಕ್ಕಕ್ಕೂ ಅಂತರ ಕಂಡರೆ ನಾವು ಏನನ್ನು ಮರೆತೆವೆಂದು ಹುಡುಕಬೇಕು. ಎಷ್ಟೋ ವೇಳೆ ಹೊಸ ಅರಿವು ದೊರೆಯುವುದು ಈ ಅಂತರದಲ್ಲಿಯೇ.