ಪಾರಿತೋಷಕ ಯಾವ ಚಿತ್ರಕ್ಕೆ ಸಲ್ಲಬೇಕು?

ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳ ಪಟ್ಟಿ ಪತ್ರಿಕೆಗಳಲ್ಲಿ ಬಂದೊಡನೆ ನಮ್ಮವರಲ್ಲಿ ಒಂದು ವಾದ ಏಳುವುದುಂಟು. "ನೂರು ದಿನ ಓಡಿದ ಚಿತ್ರವನ್ನು ಬಿಟ್ಟು, ಯಾರೂ ನೋಡದ ಚಿತ್ರಕ್ಕೆ ಪದಕ ಕೊಟ್ಟಿದ್ದಾರಲ್ಲ!" ಎಂದು ಒಬ್ಬರು ಹೇಳಿದರೆ, "ಓಡಿದ್ದೆಲ್ಲ ಒಳ್ಳೆಯದಾದೀತೇನು?" ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಪಾರಿತೋಷಕ ಏತಕ್ಕಾಗಿ ಹುಟ್ಟಿತು, ಅದನ್ನು ಯಾರು ಕೊಡುತ್ತಾರೆ ಎಂಬುದನ್ನು ತಿಳಿದು ವಾದಿಸಿದರೆ ಮಾತಿಗೆ ತೂಕ ಬರುತ್ತದೆ.

ನಮ್ಮ ದೇಶದಲ್ಲಿ ಎರಡು ಬಗೆಯ ಪಾರಿತೋಷಕಗಳು ಒಂದೇ ವರ್ಷ, 1954ರಲ್ಲಿ, ಆರಂಭವಾದವು. ಭಾರತ ಸರ್ಕಾರ ಕೊಟ್ಟದ್ದು ಒಂದು. ಇದರಲ್ಲಿ ಸರ್ಕಾರ ನೇಮಿಸಿದ ತೀರ್ಪುಗಾರರು ಕುಳಿತು ಚಿತ್ರಗಳನ್ನು ನೋಡಿ ಆರಿಸುತ್ತಾರೆ. 1953ರ ಚಿತ್ರಗಳಲ್ಲಿ ರಾಷ್ಟ್ರಪತಿಗಳ ಸುವರ್ಣ ಪದಕ ಸಂದದ್ದು ಮರಾಠಿಯ 'ಶ್ಯಾಮಚಿ ಆಯಿ'ಗೆ. ಸಾನೆ ಗುರೂಜಿಯವರ ಪುಸ್ತಕವನ್ನು ಆಚಾರ್ಯ ಅತ್ರೆಯವರು ತೆರೆಗೆ ತಂದಿದ್ದರು. ಇನ್ನೊಂದು, ಮುಂಬಯಿಯ 'ಫಿಲ್ಮ್‌ಫೇರ್' ಪತ್ರಿಕೆ ತನ್ನ ಓದುಗರ ಮತದಿಂದ ಕೊಟ್ಟದ್ದು. ಓದುಗರು ಆರಿಸಿದ ಚಿತ್ರ ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್'. ಸಾಲದ ಬಾಯಿಗೆ ಬಿದ್ದ ತುಂಡು ಹೊಲವನ್ನು ಉಳಿಸಿಕೊಳ್ಳಲು ಹಳ್ಳಿ ಬಿಟ್ಟು ಕಲ್ಕತ್ತೆಗೆ ಬಂದು ರಿಕ್ಷಾ ಎಳೆಯುವ ರೈತನ ಕಥೆ ಅದು. ಊರು ಬಿಟ್ಟು ಬಂದ ನಮಗೆ ಆ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಅದೇ ಚಿತ್ರಕ್ಕೆ ಸರ್ಕಾರದ ಯೋಗ್ಯತಾ ಪತ್ರವೂ ದೊರೆಯಿತು. ಆದುದರಿಂದ ಜನರ ಮತವೆಂದರೆ ಕೀಳು ಅಭಿರುಚಿಯೆಂದೇ ತಿಳಿಯುವುದು ತಪ್ಪು.

ಕನ್ನಡದಲ್ಲೂ ಹಾಗೆಯೇ ಆಯಿತು. ರಾಜಕುಮಾರ್ ನಾಯಕರಾಗಿ ಅಭಿನಯಿಸಿದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' ಜನರನ್ನೂ ಗೆದ್ದಿತು. 1954ರ ಚಿತ್ರಗಳ ಸಾಲಿನಲ್ಲಿ ಸರ್ಕಾರದ ಯೋಗ್ಯತಾ ಪತ್ರವನ್ನೂ ಪಡೆಯಿತು.

ಆದರೆ ಎರಡೂ ಯಾವಾಗಲೂ ಕೂಡಿ ಬರುವುದಿಲ್ಲ. 1970ರ 'ಸಂಸ್ಕಾರ'ವನ್ನೇ ನೋಡಿ. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿಯವರು ತೆಗೆದ ಆ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ನಿರಾಕರಿಸಿತ್ತು. ಆಮೇಲೆ ಅದೇ ಚಿತ್ರ ಸುವರ್ಣ ಪದಕ ಪಡೆದ ಮೊದಲ ಕನ್ನಡ ಚಿತ್ರವಾಯಿತು. ಮುಂದೆ 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಇವುಗಳಿಗೂ ಆ ಗೌರವ ಸಂದಿತು. ಇಂಥ ಚಿತ್ರಗಳಿಗೆ ದೊಡ್ಡ ತಾರೆಯರ ಹೆಸರಿನ ಬಲ ಸಾಮಾನ್ಯವಾಗಿ ಇರುವುದಿಲ್ಲ. ಊರೂರಿಗೆ ಭಿತ್ತಿಪತ್ರ ಹಚ್ಚುವ ಹಣವೂ ಇರುವುದಿಲ್ಲ. ಪದಕವೇ ಅವುಗಳ ಭಿತ್ತಿಪತ್ರ. 1980ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಪ್ರಾದೇಶಿಕ ಭಾಷೆಗಳ ಚಿತ್ರಗಳು ಬರುತ್ತಿದ್ದವು. ದಿಲ್ಲಿಯಲ್ಲೋ ಪುಣೆಯಲ್ಲೋ ಇದ್ದ ಕನ್ನಡಿಗನಿಗೆ ತನ್ನ ಭಾಷೆಯ ಚಿತ್ರ ಮನೆಯಲ್ಲೇ ಕಾಣಿಸಿದ್ದು ಆ ದಾರಿಯಿಂದ. ನೆರೆಮನೆಯ ಪಂಜಾಬಿ, ಬಂಗಾಳಿಗಳೂ ಜೊತೆಗೆ ಕುಳಿತು ನೋಡಬಹುದಾಗಿತ್ತು.

ಹಾಗಾದರೆ ಓಡಿದ ಚಿತ್ರಕ್ಕೆ ಏನೂ ಬೇಡವೆ? ಈ ಪ್ರಶ್ನೆಗೆ ಸರ್ಕಾರ 1975ರ ಚಿತ್ರಗಳಿಂದ ಒಂದು ಉತ್ತರ ಕೊಟ್ಟಿತು. ಜನಪ್ರಿಯವಾಗಿದ್ದು ಸದಭಿರುಚಿಯ ಮನರಂಜನೆ ನೀಡುವ ಚಿತ್ರಕ್ಕೆಂದು ಪ್ರತ್ಯೇಕ ಪ್ರಶಸ್ತಿಯನ್ನು ಏರ್ಪಡಿಸಿತು. ಇಲ್ಲಿ 'ಸದಭಿರುಚಿ' ಎಂಬ ಮಾತನ್ನು ಗಮನಿಸಬೇಕು. ಬರಿಯ ಗಲ್ಲಾಪೆಟ್ಟಿಗೆಯ ಲೆಕ್ಕ ಸಾಲದು. 2001ರ ಸಾಲಿನಲ್ಲಿ ಈ ಪ್ರಶಸ್ತಿ 'ಲಗಾನ್'ಗೆ ಬಂದಿತು. ಅದೇ ಸಾಲಿನಲ್ಲಿ ಅತ್ಯುತ್ತಮ ಚಿತ್ರವೆನಿಸಿದ್ದು ಗಿರೀಶ ಕಾಸರವಳ್ಳಿಯವರ 'ದ್ವೀಪ'. ಒಂದರಲ್ಲಿ ಕಂದಾಯದ ಹೊರೆಗೆ ಸಿಕ್ಕ ಹಳ್ಳಿ, ಇನ್ನೊಂದರಲ್ಲಿ ಅಣೆಕಟ್ಟಿನ ನೀರು ಸುತ್ತುವರಿದ ಮನೆ. ಎರಡರಲ್ಲೂ ನೆಲ ಕಳೆದುಕೊಳ್ಳುವ ಭಯವಿದೆ. 'ಲಗಾನ್' ಅದನ್ನು ಕ್ರಿಕೆಟ್ ಪಂದ್ಯದಲ್ಲಿ ಗೆಲ್ಲಿಸಿ ಕುಣಿಸುತ್ತದೆ. 'ದ್ವೀಪ' ಮೆಲ್ಲನೆ, ಸುರಿಯುವ ಮಳೆಯಲ್ಲಿ ಹೇಳುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟಿದ್ದರೆ ಯಾವುದೋ ಒಂದಕ್ಕೆ ಅನ್ಯಾಯವಾಗುತ್ತಿತ್ತು. 2022ರ ಸಾಲಿನಲ್ಲಿ ನಮ್ಮ 'ಕಾಂತಾರ' ಜನಪ್ರಿಯ ಚಿತ್ರದ ಪ್ರಶಸ್ತಿ ಪಡೆದಾಗ ಅತ್ಯುತ್ತಮ ಚಿತ್ರವಾದದ್ದು ಮಲಯಾಳದ 'ಆಟ್ಟಂ'.

ಈ ಏರ್ಪಾಡು ಎಲ್ಲ ಕಡೆಯೂ ಸುಲಭವಾಗಿಲ್ಲ. ಅಮೆರಿಕದ ಆಸ್ಕರ್ ಸಂಸ್ಥೆ 1929ರ ತನ್ನ ಮೊದಲ ಸಮಾರಂಭದಲ್ಲಿ ಶ್ರೇಷ್ಠ ಚಿತ್ರಕ್ಕೊಂದು, ಕಲಾತ್ಮಕ ಚಿತ್ರಕ್ಕೊಂದು ಎಂದು ಎರಡು ಪಾರಿತೋಷಕ ಕೊಟ್ಟು, ಮರುವರ್ಷವೇ ಎರಡನೆಯದನ್ನು ಕೈಬಿಟ್ಟಿತು. 2018ರ ಆಗಸ್ಟಿನಲ್ಲಿ ಜನಪ್ರಿಯ ಚಿತ್ರಕ್ಕೊಂದು ಪ್ರತ್ಯೇಕ ಪ್ರಶಸ್ತಿ ಕೊಡುವುದಾಗಿ ಸಾರಿ, ಆಕ್ಷೇಪಣೆಗಳು ಬಂದ ಮೇಲೆ ಸೆಪ್ಟೆಂಬರಿನಲ್ಲಿ ಅದನ್ನು ತಡೆಹಿಡಿಯಿತು. ಅಂಥ ಪ್ರಶಸ್ತಿ ಎರಡನೆಯ ದರ್ಜೆಯದಾದೀತು ಎಂಬ ಅಳುಕು ಹಲವರಿಗಿತ್ತು.

ಆದರೂ ನಮ್ಮ ದೇಶದ ಪದ್ಧತಿಯೇ ಮೇಲೆಂದು ತೋರುತ್ತದೆ. ಅಂಗಡಿಗೆ ಗಿರಾಕಿ ಬರುವುದು ಬೇರೆ, ತಕ್ಕಡಿ ಸರಿಯಿದೆಯೆಂದು ಮುದ್ರೆ ಒತ್ತುವುದು ಬೇರೆ. ಓಡಿದ ಚಿತ್ರಕ್ಕೆ ನಾವು ಟಿಕೇಟಿನ ಕಿಟಕಿಯಲ್ಲೇ ಬಹುಮಾನ ಕೊಟ್ಟಾಗಿದೆ. ತೀರ್ಪುಗಾರರೂ ಅದೇ ಕಿಟಕಿಯ ಲೆಕ್ಕವನ್ನು ಓದಿ ಹೇಳುವುದಾದರೆ ಅವರು ಏತಕ್ಕೆ ಬೇಕು? ಕಿಟಕಿಯ ಕಣ್ಣಿಗೆ ಬೀಳದ ಗುಣವನ್ನು ಹುಡುಕಿ ತೋರಿಸುವುದೇ ಅವರ ಕೆಲಸ. ಅದಕ್ಕಾಗಿ ಮೊದಲ ಪದಕ ಗುಣಕ್ಕೇ ಮೀಸಲಾಗಿರಬೇಕು. ಹಾಗೆಂದು, ಅರ್ಥವಾಗದಿರುವುದೇ ಗುಣವೆಂದು ತೀರ್ಪುಗಾರರು ಭ್ರಮಿಸಬಾರದು. ದಿನವೆಲ್ಲ ಯಂತ್ರದ ಮುಂದೆ ನಿಂತು, ಇಲ್ಲವೆ ಲೆಕ್ಕದ ಪುಸ್ತಕದ ಮೇಲೆ ಬಾಗಿ ದಣಿದು ಬಂದವನನ್ನು ಮೂರು ತಾಸು ನಗಿಸಿ, ಅವನ ಮನಸ್ಸನ್ನು ಕೆಡಿಸದೆ ಮನೆಗೆ ಕಳಿಸುವುದೂ ಕಸಬುಗಾರಿಕೆಯೇ. ಅದಕ್ಕೂ ಮರ್ಯಾದೆ ಸಲ್ಲಲಿ, ಅದರದೇ ಹೆಸರಿನಲ್ಲಿ.

ಇನ್ನು ನಾವು ಮಾಡಬಹುದಾದದ್ದು ಒಂದಿದೆ. ಮುಂದಿನ ಪಟ್ಟಿ ಬಂದಾಗ ಗೆದ್ದವರು ಯಾರು ಎಂದು ನೋಡಿ ಪತ್ರಿಕೆಯನ್ನು ಮಡಿಸಿಡದೆ, ನಾವು ನೋಡದ ಕನ್ನಡ ಚಿತ್ರ ಅದರಲ್ಲಿ ಯಾವುದಿದೆ ಎಂದು ಗುರುತು ಹಾಕಿಕೊಳ್ಳೋಣ. ಸಂಘದಲ್ಲಿ ಚಿತ್ರ ಪ್ರದರ್ಶನ ಏರ್ಪಾಡಾದಾಗ ಅದನ್ನೇ ಕೇಳೋಣ. ನೋಡಿದ ಮೇಲೆ ಹಿಡಿಸದಿದ್ದರೆ ಧಾರಾಳವಾಗಿ ಹೇಳಬಹುದು. ಆಗ ನಮ್ಮ ವಾದಕ್ಕೂ ಒಂದು ಆಧಾರವಿರುತ್ತದೆ.