ತಮ್ಮನ ಆರನೇ ಬೆರಳು

ತಮ್ಮ ಹುಟ್ಟಿದಾಗ ನನಗೆ ಆರು ವರ್ಷ. ಅವನ ಎಡಗೈಯ ಕಿರುಬೆರಳಿಗೆ ಅಂಟಿಕೊಂಡಂತೆ ಇನ್ನೊಂದು ಪುಟ್ಟ ಬೆರಳಿತ್ತು. ಎರಡೂ ಪಾದಗಳಲ್ಲಿ ಆರಾರು ಬೆರಳು. ಆಯಿ ಹಿಗ್ಗಿ, ‘ಆರು ಬೆರಳಿನ ಕೂಸು, ಮನಿಗೆ ಅದೃಷ್ಟ ತರತೈತಿ’ ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಬೆರಳು ಒಂದು ಕಾಯಿಲೆಯ ಮೊದಲ ಗುರುತು ಎಂದು ನಮಗೆ ತಿಳಿಯಲು ಹನ್ನೊಂದು ವರ್ಷ ಬೇಕಾಯಿತು.

ನಮ್ಮದು ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿ. ಆಯಿ ಇದೇ ಮನೆಯಿಂದ ಸವಣೂರಿಗೆ ಸೊಸೆಯಾಗಿ ಹೋದವಳು. ಅವಳ ಮಗಳು, ಅಂದರೆ ನಮ್ಮವ್ವ, ಸವಣೂರಿನಿಂದ ಮತ್ತೆ ಇದೇ ಮನೆಗೆ ಆಯಿಯ ಕಿರಿಯ ತಮ್ಮನ ಹೆಂಡತಿಯಾಗಿ ಬಂದಳು. ಚಿಗವ್ವನನ್ನು ಕೊಟ್ಟಿದ್ದು ಶಿಗ್ಗಾವಿಗೆ, ದೊಡ್ಡಪ್ಪನಿಗೆ ಹೆಣ್ಣು ತಂದಿದ್ದು ಹಿರೇಕೆರೂರಿನಿಂದ. ಎಲ್ಲರೂ ಬಳಗದವರೇ. ‘ಗೊತ್ತಿದ್ದ ಮನಿ, ಗೊತ್ತಿದ್ದ ಮಂದಿ’ ಎಂಬುದು ನಮ್ಮ ಹಿರಿಯರ ಲೆಕ್ಕ. ಈ ನಾಲ್ಕು ತಾಲ್ಲೂಕಿನ ಆಚೆಗೆ ನಮ್ಮ ಮನೆತನದ ಮದುವೆಯ ದಿಬ್ಬಣ ಹೋದದ್ದೇ ಕಡಿಮೆ.

ತಮ್ಮ ಬೆಳೆದಂತೆ ಒಂದೊಂದೇ ಸಮಸ್ಯೆ ಕಾಣಿಸಿಕೊಂಡಿತು. ಹೊತ್ತು ಮುಳುಗಿದರೆ ಗೋಡೆ ಹಿಡಿದು ನಡೆಯುತ್ತಿದ್ದ. ಶಿಗ್ಗಾವಿಯ ಮದುವೆಯೊಂದರಲ್ಲಿ ಕರೆಂಟು ಹೋದಾಗ ಟ್ರ್ಯಾಕ್ಟರಿಗೆ ಡಿಕ್ಕಿ ಹೊಡೆದು ಹಣೆ ಒಡೆದುಕೊಂಡ. ‘ಕಣ್ಣು ಎಲ್ಲಿಟ್ಟಿದ್ದಿಲೇ?’ ಎಂದು ಬೈದವರಲ್ಲಿ ನಾನೂ ಒಬ್ಬಳು. ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹೊಟ್ಟೆ ತುಂಬಿತೆಂದು ಅವನಿಗೆ ಅನ್ನಿಸುತ್ತಲೇ ಇರಲಿಲ್ಲ, ಮೈ ಬೆಳೆಯುತ್ತಲೇ ಹೋಯಿತು. ಶಾಲೆಯಲ್ಲಿ ಅವನಿಗೆ ಎರಡು ಹೆಸರು: ಡುಮ್ಮ, ದಡ್ಡ. ನುಗ್ಗೆಸೊಪ್ಪು, ಗಜ್ಜರಿ, ವಿಟಮಿನ್ ಗುಳಿಗೆ, ಮೂರು ಸಲ ಬದಲಾಯಿಸಿದ ಕನ್ನಡಕ, ಯಾವುದೂ ಫಲ ಕೊಡಲಿಲ್ಲ.

ಸವಣೂರಿನ ಅಜ್ಜನಿಗೆ ಮಾತ್ರ ಆಪರೇಷನ್ ಮೇಲೆ ಭಾರಿ ನಂಬಿಕೆ. ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಡಾ. ಎಂ.ಸಿ. ಮೋದಿಯವರ ಕೈಯಲ್ಲಿ ಅವನು ಪೊರೆ ತೆಗೆಸಿಕೊಂಡಿದ್ದ. ‘ಮೋದಿ ಡಾಕ್ಟರ್ ಇದ್ದಿದ್ರ ಒಂದು ತಾಸಿನಾಗ ಸರಿ ಮಾಡ್ತಿದ್ರು’ ಎನ್ನುತ್ತಿದ್ದ. ಆದರೆ ಪೊರೆ ಬರುವುದು ಕಣ್ಣಿನ ಮಸೂರಕ್ಕೆ, ಅದನ್ನು ತೆಗೆಯಬಹುದು, ಬದಲಿಸಬಹುದು. ತಮ್ಮನ ತೊಂದರೆ ಇದ್ದದ್ದು ಅದರ ಹಿಂದಿನ ರೆಟಿನಾದಲ್ಲಿ, ಅಂದರೆ ಅಕ್ಷಿಪಟಲದಲ್ಲಿ.

ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಮೇಡಂ ಒಬ್ಬರು ಕಣ್ಣು ನೋಡುವ ಮೊದಲು ಅವನ ಚಪ್ಪಲಿ ಬಿಚ್ಚಿಸಿ ಪಾದ ನೋಡಿದರು. ಕಿಡ್ನಿ ಸ್ಕ್ಯಾನ್ ಮಾಡಿಸಿದರು. ಆಮೇಲೆ ಹಾಳೆಯ ಮೇಲೆ ನಮ್ಮ ವಂಶವೃಕ್ಷ ಬರೆಯತೊಡಗಿದರು. ಅಪ್ಪ ಹೆಸರು ಹೇಳುತ್ತಾ ಹೋದಂತೆ ಕೊಂಬೆಗಳು ಹರಡುವ ಬದಲು ತಿರುಗಿ ಬಂದು ಒಂದಕ್ಕೊಂದು ಸೇರಿಕೊಳ್ಳುತ್ತಿದ್ದವು. ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು: ಬಾರ್ಡೆಟ್-ಬೀಡಲ್ ಸಿಂಡ್ರೋಮ್. ಫ್ರಾನ್ಸಿನ ಜಾರ್ಜ್ ಬಾರ್ಡೆಟ್ 1920ರಲ್ಲಿ, ಆರ್ಟುರ್ ಬೀಡಲ್ 1922ರಲ್ಲಿ ವಿವರಿಸಿದ ಕಾಯಿಲೆ. ಹೆಚ್ಚಿನ ಬೆರಳು, ಇರುಳುಗುರುಡು, ಬೊಜ್ಜು, ಕಲಿಕೆಯಲ್ಲಿ ನಿಧಾನ, ಕಿಡ್ನಿಯ ತೊಂದರೆ ಎಲ್ಲಕ್ಕೂ ಮೂಲ ಒಂದೇ ಒಂದು ಕೆಟ್ಟ ವಂಶವಾಹಿ.

ಕಣ್ಣಿನ ಕಾಯಿಲೆ ಮಿದುಳಿಗೆ ಯಾಕೆ ತಾಗಬೇಕು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಸಿಕ್ಕಿದ್ದು ಬಿ.ಎಸ್‌ಸಿ. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ. ರೆಟಿನಾ ಬೇರೆ ಅಂಗವಲ್ಲ, ಅದು ಮಿದುಳಿನದೇ ತುಂಡು. ಗರ್ಭ ನಿಂತ ನಾಲ್ಕನೇ ವಾರದಲ್ಲಿ, ಆಗಷ್ಟೇ ರೂಪುಗೊಳ್ಳುತ್ತಿರುವ ಮಿದುಳಿನ ಎರಡು ಬದಿಯಿಂದ ಎರಡು ಗುಳ್ಳೆಗಳು ಹೊರಚಾಚುತ್ತವೆ. ಅವು ಬಟ್ಟಲಿನಂತೆ ಒಳಮಡಚಿಕೊಂಡು ರೆಟಿನಾ ಆಗುತ್ತವೆ. ಕಣ್ಣಿನಿಂದ ಮಿದುಳಿಗೆ ಹೋಗುವ ಹತ್ತು ಲಕ್ಷಕ್ಕೂ ಹೆಚ್ಚು ನರದ ಎಳೆಗಳು ಆ ಹಳೆಯ ನಂಟು. ಹೀಗಿರುವಾಗ ಒಂದು ವಂಶವಾಹಿಯ ದೋಷ ಎರಡೂ ಕಡೆ ಕಾಣಿಸಿಕೊಂಡರೆ ಆಶ್ಚರ್ಯವೇನು?

ಅದೇ ಲ್ಯಾಬಿನಲ್ಲಿ ರವೆ-ಬೆಲ್ಲದ ಗಂಜಿ ಹಾಕಿದ ಬಾಟಲಿಗಳಲ್ಲಿ ನಾವು ಹಣ್ಣಿನ ನೊಣ ಸಾಕುತ್ತಿದ್ದೆವು. ‘ಇದೇ ನೊಣದ ಕಣ್ಣಿನಿಂದ ಮನುಷ್ಯರ ಮಿದುಳಿನ ಕಾಯಿಲೆಯವರೆಗೆ ಹೋದವರು ಬೆಂಗಳೂರಿನಲ್ಲೇ ಇದ್ದಾರೆ’ ಎಂದು ನಮ್ಮ ಸರ್ ಹೇಳಿದಾಗ ಕಿವಿ ನೆಟ್ಟಗಾಯಿತು. ಅವರು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ನರವಿಜ್ಞಾನಿ ರಘು ಪಡಿಂಜತ್.

ನೊಣದ ಒಂದೊಂದು ಕಣ್ಣಿನಲ್ಲೂ ಏಳೆಂಟು ನೂರು ಪುಟ್ಟ ಕಣ್ಣುಗಳು, ಪ್ರತಿಯೊಂದರಲ್ಲೂ ಬೆಳಕು ಹಿಡಿಯುವ ಎಂಟು ಕೋಶಗಳು. ಬೆಳಕು ಬಿದ್ದಾಗಲೆಲ್ಲ ಕೋಶದ ಅಂಚಿನಲ್ಲಿ ಒಂದು ಬಗೆಯ ಕೊಬ್ಬಿನ ಅಣು ಖರ್ಚಾಗುತ್ತದೆ. ಒಳಗಿನ ಉಗ್ರಾಣದಿಂದ ಅದನ್ನು ಮತ್ತೆ ಅಂಚಿಗೆ ಹೊತ್ತು ತರುವುದು ‘ಆರ್‌ಡಿಜಿಬಿ’ ಎಂಬ ಪ್ರೋಟೀನ್. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರನ್ನು ನೆನೆಸಿಕೊಳ್ಳಿ. ಹಮಾಲರು ಚೀಲ ಹೊರುವುದು ನಿಲ್ಲಿಸಿದರೆ ಮೊದಲು ವಹಿವಾಟು ನಿಲ್ಲುತ್ತದೆ, ಆಮೇಲೆ ಅಂಗಡಿಯೇ ಮುಚ್ಚುತ್ತದೆ. ಈ ಪ್ರೋಟೀನ್ ಕೆಟ್ಟ ನೊಣದಲ್ಲೂ ಅಷ್ಟೇ, ಬೆಳಕಿಗೆ ಒಡ್ಡಿದಂತೆ ರೆಟಿನಾ ಸಾಯುತ್ತಾ ಹೋಗುತ್ತದೆ. ಅದು ಹೇಗೆ ಎಂದು ರಘು ಅವರ ತಂಡ ವರ್ಷಗಟ್ಟಲೆ ಬಿಡಿಸಿ ನೋಡಿದೆ.

ಅಲ್ಲಿಂದ ಅವರು ಲೋವ್ ಸಿಂಡ್ರೋಮ್ ಕಡೆಗೂ ಹೊರಳಿದರು. 1952ರಲ್ಲಿ ಅಮೆರಿಕದಲ್ಲಿ ಗುರುತಿಸಿದ ಈ ಕಾಯಿಲೆ ಬಹುಪಾಲು ಗಂಡುಮಕ್ಕಳಿಗೇ ಬರುತ್ತದೆ. ಹುಟ್ಟುವಾಗಲೇ ಕಣ್ಣಲ್ಲಿ ಪೊರೆ, ಬುದ್ಧಿ ಬೆಳವಣಿಗೆಯಲ್ಲಿ ಹಿನ್ನಡೆ, ಕಿಡ್ನಿಯ ತೊಂದರೆ. ಕೆಡುವುದು ‘ಒಸಿಆರ್‌ಎಲ್’ ಎಂಬ ವಂಶವಾಹಿ. ಅದು ಸಂಭಾಳಿಸುವುದೂ ಅದೇ ಗುಂಪಿನ ಕೊಬ್ಬಿನ ಅಣುಗಳನ್ನು. ತಂಡದವರು ಈ ಕಾಯಿಲೆ ಇರುವ ಒಂದು ಕುಟುಂಬದವರ ಕೋಶಗಳನ್ನು ಕಾಂಡಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ನರಕೋಶಗಳನ್ನು ತಟ್ಟೆಯಲ್ಲೇ ಬೆಳೆಸಿ ಪರೀಕ್ಷಿಸಿದರು. ಆ ಪ್ರಬಂಧ 2022ರಲ್ಲಿ ಪ್ರಕಟವಾಯಿತು. ಬದುಕಿರುವ ಮಗುವಿನ ಮಿದುಳನ್ನು ತೆರೆದು ನೋಡಲಾಗದು, ಆದರೆ ಅದರ ಕೋಶ ಹೇಗೆ ಬೆಳೆಯುತ್ತದೆಂದು ಹೀಗೆ ನೋಡಬಹುದು.

ತಮ್ಮನದು ಲೋವ್ ಅಲ್ಲ, ಅವನ ವಂಶವಾಹಿ ಬೇರೆ. ಈ ಸಂಶೋಧನೆಯಿಂದ ನಾಳೆಯೇ ಅವನಿಗೆ ಔಷಧ ಬರುವುದಿಲ್ಲ. ‘ಆರ್‌ಪಿಇ65’ ಎಂಬ ವಂಶವಾಹಿ ಕೆಟ್ಟು ಬರುವ ಅಂಧತ್ವಕ್ಕೆ 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅದೂ ಅವನಿಗೆ ಒಗ್ಗದು. ಆದರೂ ಓದುತ್ತಾ ಹೋದಂತೆ ನನ್ನೊಳಗೆ ಒಂದು ಗಂಟು ಬಿಚ್ಚಿಕೊಂಡಿತು. ಅದು ಯಾರ ಶಾಪವೂ ಅಲ್ಲ, ಅವ್ವ ಗ್ರಹಣದಲ್ಲಿ ಹೊರಗೆ ಹೋಗಿದ್ದಕ್ಕೆ ಬಂದದ್ದೂ ಅಲ್ಲ. ಇಷ್ಟು ವರ್ಷ ಓಣಿಯವರು ಅವ್ವನಿಗೆ ಅದನ್ನೇ ಹೇಳಿ ಅಳಿಸಿದ್ದರು.

ಹೋದ ದೀಪಾವಳಿಯಲ್ಲಿ ಆಯಿ ಮಾತು ತೆಗೆದಳು: ‘ನಮ್ಮ ಹುಡುಗಿನ್ನ ನಮ್ಮ ಮನಿಗೇ ಕೊಡ್ರಿ.’ ವರ ನನ್ನ ಸೋದರಮಾವ, ಅವ್ವನ ಕಿರಿಯ ತಮ್ಮ. ಸವಣೂರಿನಲ್ಲಿ ಎಲೆಬಳ್ಳಿ ತೋಟ, ಒಳ್ಳೆಯ ಮನುಷ್ಯ. ಚಿಕ್ಕಂದಿನಿಂದ ನನ್ನನ್ನು ಹೆಗಲ ಮೇಲೆ ಹೊತ್ತವನು.

ನಾನು ಮೇಡಂ ಬರೆದ ಹಾಳೆ ತಂದು ಜಗಲಿಯ ಮೇಲೆ ಹರಡಿದೆ. ಅಪ್ಪ, ಅವ್ವ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದೆ. ಅವರಿಗೆ ಏನೂ ಆಗಲಿಲ್ಲ, ಯಾಕೆಂದರೆ ಇನ್ನೊಂದು ಪ್ರತಿ ಸರಿಯಿದೆ. ಅವರ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾಯಿಲೆ ಇಲ್ಲದ ನನ್ನೊಳಗೆ ಆ ಕೆಟ್ಟ ಪ್ರತಿ ಇರುವ ಸಾಧ್ಯತೆ ಮೂರರಲ್ಲಿ ಎರಡು. ಮಾವನೊಳಗೆ ಇರುವ ಸಾಧ್ಯತೆ ಎರಡರಲ್ಲಿ ಒಂದು. ಮೂರನ್ನೂ ಗುಣಿಸಿದರೆ ನಮ್ಮ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಹನ್ನೆರಡರಲ್ಲಿ ಒಂದು. ಬಳಗದ ಮದುವೆಯಾದವರ ಮಕ್ಕಳೆಲ್ಲ ಕಾಯಿಲೆಯವರಾಗುವುದಿಲ್ಲ, ಹೆಚ್ಚಿನವರು ಗಟ್ಟಿಮುಟ್ಟಾಗೇ ಇರುತ್ತಾರೆ. ಆದರೆ ನಮ್ಮ ಮನೆಯಲ್ಲಿ ಈ ಲೆಕ್ಕ ಆಗಲೇ ಗೊತ್ತಿತ್ತು.

ಅವ್ವ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು, ‘ಹಂಗಾರ ತಪ್ಪು ನಂದೇನವಾ?’ ‘ಇಲ್ಲಬೇ, ಗೊತ್ತಿಲ್ಲದ್ದು ತಪ್ಪು ಹೆಂಗಾಗತೈತಿ?’ ಎಂದೆ. ಮಾವ ಹಾಳೆ ಮಡಚಿ ನನ್ನ ಕೈಗಿಟ್ಟು, ‘ಬ್ಯಾಡಂದ್ರ ಬ್ಯಾಡ ಬಿಡವಾ. ನಾನೂ ಪರೀಕ್ಷೆ ಮಾಡಿಸ್ಕೊಂತೀನಿ’ ಎಂದ. ಆಯಿ ಮಾತ್ರ ಎದ್ದು ಹೋದಳು. ಇವತ್ತಿಗೂ ಫೋನು ಮಾಡಿದರೆ ತಮ್ಮನ ಜೊತೆಗಷ್ಟೇ ಮಾತಾಡುತ್ತಾಳೆ.

ಗೆಳೆಯರೇ, ನಮ್ಮ ರಾಜ್ಯದಲ್ಲಿ ಸುಮಾರು ನಾಲ್ಕರಲ್ಲೊಂದು ಮದುವೆ ರಕ್ತಸಂಬಂಧದಲ್ಲೇ ನಡೆಯುತ್ತದೆ. ನಿಮ್ಮ ಬಳಗದಲ್ಲೂ ಇರುಳುಗುರುಡು, ಹುಟ್ಟುಕಿವುಡು ಅಥವಾ ಕಲಿಕೆಯ ತೊಂದರೆ ಇರುವವರಿದ್ದರೆ, ತಾಂಬೂಲ ಬದಲಿಸುವ ಮೊದಲು ಆನುವಂಶಿಕ ಸಮಾಲೋಚನೆಗೆ ಒಮ್ಮೆ ಹೋಗಿ ಬನ್ನಿ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಹೆಸರಿದೆ.

ತಮ್ಮನಿಗೆ ಈಗ ಹದಿನಾರು. ಹಗಲಲ್ಲಿ ಮುಂದಿರುವುದಷ್ಟೇ ಕಾಣುತ್ತದೆ, ಬದಿಯದ್ದು ಕಾಣುವುದಿಲ್ಲ. ಮೊಬೈಲು ಓದಿ ಹೇಳುವುದನ್ನು ಕೇಳಿಸಿಕೊಂಡು ಪಾಠ ಕಲಿಯುತ್ತಿದ್ದಾನೆ. ಮೊನ್ನೆ ಸಂಜೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಾಗ ನನ್ನ ಮೊಣಕೈ ಹಿಡಿದು ಕೇಳಿದ, ‘ಅಕ್ಕಾ, ನೊಣಕ್ಕ ಕಣ್ಣು ಸರಿ ಮಾಡ್ಯಾರೇನು?’ ‘ಯಾಕ ಕೆಡತೈತಿ ಅಂತ ತಿಳ್ಕೊಂಡಾರ’ ಎಂದೆ. ‘ಅಷ್ಟಾದ್ರೂ ಆತಲ್ಲ’ ಎಂದು ನಕ್ಕು, ಹೆಜ್ಜೆ ಎಣಿಸುತ್ತಾ ಮನೆಯ ತಿರುವಿಗೆ ಸರಿಯಾಗಿ ತಿರುಗಿದ.