ಅಮೆರಿಕದ ಫೆಡರಲ್ ಕಾರಾಗೃಹಗಳಲ್ಲಿ ಗಡೀಪಾರು ಆದೇಶಕ್ಕೊಳಗಾದ ಬಂದಿಗಳು: ಶಿಕ್ಷಣದ ನಿಯಮ ಹಾಗೂ ಶಿಕ್ಷಾ ಮಾಫಿ

ಅಮೆರಿಕದಲ್ಲಿ ಶಿಕ್ಷೆಗೊಳಗಾದ ವಿದೇಶೀಯರನ್ನು ಸಾಮಾನ್ಯವಾಗಿ ಶಿಕ್ಷೆಯ ಅವಧಿ ಮುಗಿದ ನಂತರವೇ ಗಡೀಪಾರು ಮಾಡಲಾಗುತ್ತದೆ. ಆದುದರಿಂದ ಬಂದಿಯು ಸ್ವದೇಶಕ್ಕೆ ಮರಳುವ ದಿನವು ಆತನಿಗೆ ದೊರೆಯುವ ಶಿಕ್ಷಾ ಮಾಫಿಯನ್ನು ಅವಲಂಬಿಸಿರುತ್ತದೆ. ಬಂದಿಗಳ ಕುಟುಂಬದವರ ತಿಳುವಳಿಕೆಗಾಗಿ ಫೆಡರಲ್ ಕಾರಾಗೃಹಗಳ ನಿಯಮಗಳನ್ನು ಈ ಕೆಳಗೆ ವಿವರಿಸಲಾಗಿದೆ. ರಾಜ್ಯಗಳ ಕಾರಾಗೃಹಗಳಿಗೆ ಇವು ಅನ್ವಯಿಸುವುದಿಲ್ಲ.

1. ಸನ್ನಡತೆಯ ಮಾಫಿ
ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಶಿಕ್ಷೆಗೆ ಗುರಿಯಾದವರು ಈ ಮಾಫಿಗೆ ಅರ್ಹರು. ಜೀವಾವಧಿ ಶಿಕ್ಷೆಗೆ ಇದು ಲಭ್ಯವಿಲ್ಲ. ವಿಧಿಸಲಾದ ಶಿಕ್ಷೆಯ ಪ್ರತಿ ವರ್ಷಕ್ಕೆ ಗರಿಷ್ಠ 54 ದಿನಗಳ ಮಾಫಿ ದೊರೆಯುತ್ತದೆ. ಶಿಸ್ತು ಉಲ್ಲಂಘಿಸಿದಲ್ಲಿ ಇದು ಕಡಿತಗೊಳ್ಳಬಹುದು.

2. ಶಿಕ್ಷಣದ ಷರತ್ತು
ಪ್ರೌಢಶಾಲಾ ಪ್ರಮಾಣಪತ್ರ ಅಥವಾ ಅದಕ್ಕೆ ತತ್ಸಮಾನವಾದ ಜಿ.ಇ.ಡಿ. ಪ್ರಮಾಣಪತ್ರ ಹೊಂದಿಲ್ಲದ ಬಂದಿಗಳು ಸಾಕ್ಷರತಾ ತರಗತಿಗಳಿಗೆ ಕನಿಷ್ಠ 240 ಗಂಟೆಗಳ ಕಾಲ ಅಥವಾ ಜಿ.ಇ.ಡಿ. ಪಡೆಯುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಹಾಜರಾಗತಕ್ಕದ್ದು. 26-4-1996ರಂದು ಅಥವಾ ತದನಂತರ ನಡೆದ ಅಪರಾಧಗಳ ಪ್ರಕರಣಗಳಲ್ಲಿ, ಕಲಿಕೆಯಲ್ಲಿ ತೃಪ್ತಿಕರ ಪ್ರಗತಿ ತೋರದವರಿಗೆ ವರ್ಷಕ್ಕೆ 42 ದಿನಗಳ ಮಾಫಿ ಮಾತ್ರ ದೊರೆಯುತ್ತದೆ. ಹತ್ತು ವರ್ಷಗಳ ಶಿಕ್ಷೆಯಲ್ಲಿ ಈ ವ್ಯತ್ಯಾಸವು 120 ದಿನಗಳಾಗುತ್ತದೆ.

3. ವಿನಾಯಿತಿ
ಅಂತಿಮ ಗಡೀಪಾರು ಆದೇಶಕ್ಕೊಳಗಾದ ವಿದೇಶೀಯರಿಗೆ ಮೇಲ್ಕಂಡ ಷರತ್ತು ಅನ್ವಯಿಸುವುದಿಲ್ಲ. ತರಗತಿಗಳಿಗೆ ಹಾಜರಾಗದಿದ್ದರೂ ಅವರು 54 ದಿನಗಳ ಮಾಫಿಗೆ ಅರ್ಹರಾಗಿರುತ್ತಾರೆ. ಇಚ್ಛೆಯುಳ್ಳವರು ತರಗತಿಗಳಿಗೆ ಸೇರಬಹುದು. ವಲಸೆ ಅಧಿಕಾರಿಗಳು ಬಂದಿಯನ್ನು ತಮ್ಮ ವಶಕ್ಕೆ ಕೋರಿ ಕಾರಾಗೃಹಕ್ಕೆ ಸಲ್ಲಿಸುವ ಕೋರಿಕೆಯು (ಡಿಟೈನರ್) ಅಂತಿಮ ಆದೇಶವಲ್ಲ. ಆದುದರಿಂದ ಅಂತಿಮ ಆದೇಶವಾಗಿರುವುದು ಖಚಿತವಾಗುವ ಮುನ್ನ ತರಗತಿಯನ್ನು ತ್ಯಜಿಸುವುದು ಸೂಕ್ತವಲ್ಲ.

4. 2018ರ ಫಸ್ಟ್ ಸ್ಟೆಪ್ ಕಾಯ್ದೆ
ಈ ಕಾಯ್ದೆಯನ್ವಯ, ಅರ್ಹ ಬಂದಿಗಳು ನಿಗದಿತ ಸುಧಾರಣಾ ಕಾರ್ಯಕ್ರಮಗಳಲ್ಲಿ ಯಶಸ್ವಿಯಾಗಿ ಭಾಗವಹಿಸಿದ ಪ್ರತಿ 30 ದಿನಗಳಿಗೆ 10 ದಿನಗಳ ಪ್ರತ್ಯೇಕ ಕಾಲಾವಧಿ ರಿಯಾಯಿತಿಯನ್ನು ಗಳಿಸಬಹುದು. ಆದರೆ ಅಂತಿಮ ಗಡೀಪಾರು ಆದೇಶವಿರುವವರು ಹೀಗೆ ಗಳಿಸಿದ ದಿನಗಳನ್ನು ಬಿಡುಗಡೆಗಾಗಿ ಬಳಸಿಕೊಳ್ಳಲು ಅವಕಾಶವಿರುವುದಿಲ್ಲ. ಅಂದರೆ, ಒಂದೇ ಆದೇಶವು ಸನ್ನಡತೆಯ ಮಾಫಿಯಲ್ಲಿ ವಿನಾಯಿತಿಯನ್ನು ನೀಡಿ, ಈ ರಿಯಾಯಿತಿಯಲ್ಲಿ ನಿರ್ಬಂಧವನ್ನು ವಿಧಿಸುತ್ತದೆ. ಇವೆರಡೂ ಬೇರೆ ಬೇರೆ ಸೌಲಭ್ಯಗಳೆಂಬುದನ್ನು ಗಮನಿಸತಕ್ಕದ್ದು.

5. ಕುಟುಂಬದವರು ಗಮನಿಸಬೇಕಾದ ಅಂಶಗಳು
ಅ) ಗಡೀಪಾರು ಆದೇಶವು ಅಂತಿಮವೇ ಅಥವಾ ಮೇಲ್ಮನವಿ ಬಾಕಿ ಇದೆಯೇ ಎಂಬುದನ್ನು ವಕೀಲರ ಮೂಲಕ ಖಚಿತಪಡಿಸಿಕೊಳ್ಳುವುದು.
ಆ) ಸದರಿ ಆದೇಶವು ಕಾರಾಗೃಹದ ದಾಖಲೆಯಲ್ಲಿ ನಮೂದಾಗಿದೆಯೇ, ಮಾಫಿಯನ್ನು 54 ದಿನಗಳಂತೆ ಲೆಕ್ಕ ಹಾಕಲಾಗಿದೆಯೇ ಎಂದು ಪರಿಶೀಲಿಸುವಂತೆ ಬಂದಿಗೆ ತಿಳಿಸುವುದು.
ಇ) ಲೆಕ್ಕದಲ್ಲಿ ದೋಷ ಕಂಡುಬಂದಲ್ಲಿ, ಬಂದಿಯು ಕಾರಾಗೃಹದ ಆಡಳಿತಾತ್ಮಕ ಪರಿಹಾರ ವ್ಯವಸ್ಥೆಯಡಿ ಲಿಖಿತ ಮನವಿ ಸಲ್ಲಿಸಬಹುದು.
ಈ) ಬಂಧಿತ ಭಾರತೀಯ ನಾಗರಿಕರು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯನ್ವಯ ಭಾರತೀಯ ದೂತಾವಾಸದ ನೆರವು ಕೋರಲು ಹಕ್ಕುಳ್ಳವರಾಗಿರುತ್ತಾರೆ.

ಮಾಫಿಯಿಂದ ಶಿಕ್ಷೆಯ ಅವಧಿ ಮಾತ್ರ ಕಡಿಮೆಯಾಗುತ್ತದೆ. ಗಡೀಪಾರು ಆದೇಶವು ರದ್ದಾಗುವುದಿಲ್ಲ.